ಹಳೆ ಲಾರಿ ಇಂಜಿನ್‌ಗೆ ಯಾವ ಪಿಸ್ಟನ್: ಅದಿರು, ಬೂದಿ, ಭತ್ತ ಹೊರುವ ಗಾಡಿಗಳಿಗೊಂದು ಹೋಲಿಕೆ

ಇಂಜಿನ್ ಉಸಿರು ಹೊರಬಿಡುವ ಬ್ರೀದರ್ ಪೈಪಿನಿಂದ ಹೊಗೆ, ಸಾವಿರ ಕಿಲೋಮೀಟರಿಗೆ ಎರಡು-ಮೂರು ಲೀಟರ್ ಆಯಿಲ್ ಖಾಲಿ, ಏರಿನಲ್ಲಿ ಒಂದು ಗೇರ್ ಕೆಳಗೇ ಓಡಬೇಕು. ಇಂಜಿನ್ ಇಳಿಸಿದ್ದಾಯಿತು. ಈಗ ಬಿಡಿಭಾಗದ ಅಂಗಡಿಯ ಕೌಂಟರಿನ ಮೇಲೆ ಒಂದೇ ಇಂಜಿನ್‌ಗೆ ನಾಲ್ಕು ಡಬ್ಬಿ ಸಾಲಾಗಿ ಕೂರುತ್ತವೆ: ಗಾಡಿ ಕಂಪನಿಯ ಡಬ್ಬಿ, ಪಿಸ್ಟನ್ ತಯಾರಕರದೇ ಡಬ್ಬಿ, ಹೆಸರೇ ಕೇಳಿರದ ಒಂದು ಡಬ್ಬಿ, ಜೊತೆಗೆ ಬರೀ ರಿಂಗ್ ಸೆಟ್. "ಎಲ್ಲಾ ಒಂದೇ ರೀ ಅಣ್ಣಾರ, ಪ್ಯಾಕಿಂಗ್ ಅಷ್ಟ ಬೇರೆ" ಎಂಬ ಮಾತೂ ಬರುತ್ತದೆ. ಒಂದೇ ಅಲ್ಲ. ಆದರೆ ದುಬಾರಿ ಡಬ್ಬಿಯೇ ಸರಿ ಎಂದೂ ಅಲ್ಲ.

ಇಲ್ಲಿ ಹೇಳುವುದೆಲ್ಲ ಹಳೆಯ ಇನ್‌ಲೈನ್ ಡೀಸೆಲ್ ಪಂಪಿನ ಇಂಜಿನ್‌ಗಳಿಗೆ, ಮುಖ್ಯವಾಗಿ ಟಾಟಾ 697 (ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 97 ಮಿ.ಮೀ; ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, 128 ಮಿ.ಮೀ; 5675 ಸಿಸಿ) ಮತ್ತು ಕಮ್ಮಿನ್ಸ್ 6ಬಿಟಿಗೆ (102 × 120 ಮಿ.ಮೀ, 5883 ಸಿಸಿ). ಹೊಸ ಕಾಲದ ಎಲೆಕ್ಟ್ರಾನಿಕ್ ಕಾಮನ್ ರೇಲ್ ಗಾಡಿಗಳ ಲೆಕ್ಕ ಬೇರೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಗಾಡಿಗಳಲ್ಲಿ ಪಿಸ್ಟನ್ ಮುರಿದು ಇಂಜಿನ್ ಹೋಗುವುದು ಅಪರೂಪ. ಪಿಸ್ಟನ್ನಿನ ಮೊದಲ (ಎಲ್ಲಕ್ಕಿಂತ ಮೇಲಿನ) ರಿಂಗು ಮತ್ತು ಅದು ಕೂರುವ ಗ್ರೂವ್ (ಕೊರೆದ ಕಾಲುವೆ) ಸವೆದು ಹೋಗುವುದೇ ಹೆಚ್ಚು. ದುಡ್ಡು ಕಡಿಮೆ ಇದ್ದಾಗ ಅದನ್ನು ಎಲ್ಲಿ ಹಾಕಬೇಕು ಎಂಬುದು ಇದರ ಮೇಲೇ ನಿಂತಿದೆ.

ಮೊದಲು ಹಳೆ ಪಿಸ್ಟನ್ ಓದಿ

ಬಿಚ್ಚಿದ ಪಿಸ್ಟನ್‌ಗಳನ್ನು ಗುಜರಿ ಚೀಲಕ್ಕೆ ಹಾಕುವ ಮೊದಲು 1ರಿಂದ 6ರವರೆಗೆ ನಂಬರ್ ಹಾಕಿ ಸಾಲಾಗಿ ಇಡಿ. ಇಂಜಿನ್ ಯಾಕೆ ಹೋಯಿತು ಎಂಬುದು ಅವುಗಳ ಮೈಮೇಲೆಯೇ ಇರುತ್ತದೆ.

ಸ್ಕರ್ಟ್ (ರಿಂಗುಗಳ ಕೆಳಗಿನ ಪಿಸ್ಟನ್ ಮೈ) ಹೊಳಪು ಕಳೆದುಕೊಂಡು ಮಂಕಾಗಿ, ಮೇಲಿಂದ ಕೆಳಕ್ಕೆ ಕೂದಲಿನಂಥ ಗೀರುಗಳಿದ್ದು, ಮೊದಲ ರಿಂಗಿನ ಅಂಚು ಬ್ಲೇಡಿನಂತೆ ಚೂಪಾಗಿದ್ದರೆ ಅದು ಧೂಳಿನ ಕೆಲಸ. ಆರೂ ಪಿಸ್ಟನ್ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಸಂಡೂರು ಕಡೆಯ ಅದಿರಿನ ಪದರಗಳ ನಡುವೆ ಸ್ಫಟಿಕದ ಕಲ್ಲು ಸೇರಿಕೊಂಡಿರುತ್ತದೆ. ಅದರ ಗಡಸುತನ ಮೋಸ್ ಅಳತೆಯಲ್ಲಿ 7. ಆ ಪುಡಿ ಏರ್ ಫಿಲ್ಟರ್ ದಾಟಿ ಒಳಗೆ ಬಂತೆಂದರೆ ಸಾಣೆ ಹಿಡಿದಂತೆಯೇ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಿಂದ ಹಾರುಬೂದಿ ಹೊರುವ ಬಲ್ಕರ್‌ಗಳ ಕಥೆಯೂ ಇದೇ. ಬೂದಿ ಕೈಗೆ ಪೌಡರಿನ ಹಾಗೆ ನುಣುಪು ಅನ್ನಿಸುತ್ತದೆ, ಆದರೆ ಅದರಲ್ಲಿರುವುದು ಸಿಲಿಕಾ ಮತ್ತು ಅಲ್ಯುಮಿನಾ.

ಸ್ಕರ್ಟಿನ ಮೇಲೆ ಅಲ್ಲಲ್ಲಿ ಅಲ್ಯುಮಿನಿಯಂ ಉಜ್ಜಿ ಮೆತ್ತಿಕೊಂಡಿದ್ದು, ಅದರಲ್ಲೂ ಗಜನ್ ಪಿನ್ನಿನ (ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಜೋಡಿಸುವ ಪಿನ್) ಎರಡೂ ಪಕ್ಕದ ಮೂಲೆಗಳಲ್ಲಿ ಹೆಚ್ಚಿದ್ದರೆ ಅದು ಶಾಖ. ಗಂಗಾವತಿ, ಕಾರಟಗಿ, ಸಿಂಧನೂರಿನ ರೈಸ್ ಮಿಲ್ಲುಗಳಿಗೆ ಭತ್ತ ಹೊಡೆಯುವ ಗಾಡಿಗಳಲ್ಲಿ ಇದನ್ನೇ ಮೊದಲು ಹುಡುಕಿ. ಹೊಟ್ಟು ರೇಡಿಯೇಟರಿನ ಎಲೆಗಳ ನಡುವೆ ಚಾಪೆಯಂತೆ ಕೂತಿರುತ್ತದೆ. ಒಳಗೆ ಬೋರ್‌ವೆಲ್ಲಿನ ಗಡಸು ನೀರು ಸುಣ್ಣ ಕಟ್ಟಿರುತ್ತದೆ. ಹೊಸ ಪಿಸ್ಟನ್ ಹಾಕಿ ರೇಡಿಯೇಟರ್ ಹಾಗೇ ಬಿಟ್ಟರೆ ಮುಂದಿನ ಸೀಜನ್ನಿಗೆ ಅದೇ ಗುರುತು ಹೊಸ ಪಿಸ್ಟನ್ನಿನ ಮೇಲೂ ಬರುತ್ತದೆ.

ಒಂದೇ ಸಿಲಿಂಡರಿನ ಪಿಸ್ಟನ್ ತಲೆ ಮಾತ್ರ ಕಚ್ಚಿ ತಿಂದಂತೆ ಗುಂಡಿಬಿದ್ದಿದ್ದರೆ ಡೀಸೆಲ್ ಸಿಂಪಡಿಸುವ ನಾಝಲ್ ಸೋರುತ್ತಿತ್ತು ಎಂದರ್ಥ. ಅಂಥ ಇಂಜಿನ್‌ಗೆ ಚಿನ್ನದ ಪಿಸ್ಟನ್ ಹಾಕಿದರೂ ಉಳಿಯದು. ಆರೂ ನಾಝಲ್ ಟೆಸ್ಟ್ ಬೆಂಚಿಗೆ ಹೋಗಲಿ.

ಬರೀ ರಿಂಗ್ ಸಾಕೇ?

ಅಗ್ಗದ ದಾರಿ ಇದೇ. ಕೆಲವೊಮ್ಮೆ ಸರಿಯೂ ಹೌದು. ತೀರ್ಮಾನಕ್ಕೆ ಎರಡು ಅಳತೆ ಬೇಕು.

ಒಂದು, ಬೋರ್. 6ಬಿಟಿಯಲ್ಲಿ ಬೋರ್ ದುಂಡು ತಪ್ಪಿರುವುದು 0.038 ಮಿ.ಮೀ ದಾಟಬಾರದು, ಮೇಲಿಂದ ಕೆಳಕ್ಕೆ ಸವೆತದ ವ್ಯತ್ಯಾಸ 0.076 ಮಿ.ಮೀ ದಾಟಬಾರದು. ಬೋರ್ ಗೇಜ್ ಕೈಯಲ್ಲಿಲ್ಲ ಅಂದರೆ ಹೊಸ ರಿಂಗನ್ನೇ ಗೇಜ್ ಮಾಡಿಕೊಳ್ಳಬಹುದು. ರಿಂಗನ್ನು ಬೋರಿನೊಳಗೆ ಹಾಕಿ, ಪಿಸ್ಟನ್ ತಲೆಯಿಂದ ನೇರವಾಗಿ ತಳ್ಳಿ, ರಿಂಗ್ ಸವರದ ತಳಭಾಗದಲ್ಲಿ ಒಮ್ಮೆ, ಮೇಲಿನ ಏಣಿನ ಸ್ವಲ್ಪ ಕೆಳಗೆ ಒಮ್ಮೆ ಫೀಲರ್‌ನಿಂದ (ಸಂದು ಅಳೆಯುವ ತೆಳು ಪಟ್ಟಿ) ರಿಂಗಿನ ಬಾಯಿಯ ಸಂದು ಅಳೆಯಿರಿ. ಎರಡರ ವ್ಯತ್ಯಾಸವನ್ನು 3.14ರಿಂದ ಭಾಗಿಸಿದರೆ ಬೋರಿನ ಸವೆತ ಸಿಗುತ್ತದೆ. ಕೆಳಗೆ 0.45, ಮೇಲೆ 0.95 ಬಂದರೆ ವ್ಯತ್ಯಾಸ 0.50, ಸವೆತ ಸುಮಾರು 0.16 ಮಿ.ಮೀ. ಅಷ್ಟು ಸವೆದ ಬೋರಿನಲ್ಲಿ ಹೊಸ ರಿಂಗ್ ಪ್ರತಿ ಸುತ್ತಿಗೆ ಒಮ್ಮೆ ಅಗಲಿಸಿ ಒಮ್ಮೆ ಮುದುಡುತ್ತದೆ. ಆರು ತಿಂಗಳಲ್ಲಿ ಮತ್ತೆ ಇಂಜಿನ್ ಇಳಿಸಬೇಕಾಗುತ್ತದೆ. ಈ ಉಪಾಯದಲ್ಲಿ ದುಂಡು ತಪ್ಪಿದ್ದು ಗೊತ್ತಾಗುವುದಿಲ್ಲ, ಅದಕ್ಕೆ ಗೇಜೇ ಬೇಕು.

ಎರಡು, ಹಳೆ ಪಿಸ್ಟನ್ನಿನ ಮೊದಲ ಗ್ರೂವ್. ಚೌಕ ಅಂಚಿನ ರಿಂಗಾದರೆ ಹೊಸ ರಿಂಗ್ ಕೂರಿಸಿ ಪಕ್ಕದಲ್ಲಿ 0.15 ಮಿ.ಮೀ ಫೀಲರ್ ಹಾಕಿ ನೋಡಿ. ಹೋಯಿತೋ, ಆ ಪಿಸ್ಟನ್ ಮುಗಿಯಿತು. 6ಬಿಟಿಯ ಮೊದಲ ರಿಂಗ್ ಮಾತ್ರ ಬೆಣೆಯಾಕಾರದ್ದು, ಒಳಗಡೆ ತೆಳು, ಹೊರಗಡೆ ದಪ್ಪ. ಅದರಲ್ಲಿ ಫೀಲರ್ ಸುಳ್ಳು ಹೇಳುತ್ತದೆ. ಎರಡು ಕಡೆ ಗೇಜ್ ಪಿನ್ ಇಟ್ಟು ಮೈಕ್ರೋಮೀಟರಿನಲ್ಲಿ ಅಳೆಯುವುದೇ ದಾರಿ.

ಅದಿರಿನ ಗಾಡಿಗಳಲ್ಲಿ ಇವೆರಡೂ ಪಾಸಾಗುವುದು ತೀರಾ ಕಡಿಮೆ. ಭತ್ತ, ಹತ್ತಿ ಹೊರುವ ಗಾಡಿಯಾಗಿ ಏರ್ ಫಿಲ್ಟರ್ ಚೆನ್ನಾಗಿ ನೋಡಿಕೊಂಡಿದ್ದರೆ ಬರೀ ರಿಂಗು, ಬೇರಿಂಗು, ಹೋನಿಂಗ್‌ನಲ್ಲಿ (ಬೋರಿಗೆ ಸಾಣೆಕಲ್ಲಿನಿಂದ ಗೆರೆ ಎಳೆಯುವುದು) ಕೆಲಸ ಮುಗಿಯಬಹುದು.

ಹೊಸ ಲೈನರಾ, ಓವರ್‌ಸೈಜಾ?

ಇದಕ್ಕೆ ಉತ್ತರವನ್ನು ಬ್ಲಾಕೇ ಕೊಡುತ್ತದೆ. 6ಬಿಟಿಯಲ್ಲಿ ಲೈನರ್ (ಬ್ಲಾಕಿನೊಳಗೆ ಬೇರೆಯಾಗಿ ಕೂರಿಸುವ ಕೊಳವೆ) ಇಲ್ಲ, ಬ್ಲಾಕಿನ ಎರಕದಲ್ಲೇ ಬೋರ್. ಹಾಗಾಗಿ ಬೋರ್ ಹಿಗ್ಗಿಸಿ 0.50 ಸೈಜ್ (ಅಂದರೆ 0.50 ಮಿ.ಮೀ ದೊಡ್ಡದು), ಅದಾದ ಮೇಲೆ 1.00 ಸೈಜ್ ಪಿಸ್ಟನ್. ಅದೂ ಮುಗಿದರೆ ಸ್ಲೀವ್ ಹಾಕಿಸಿ ಮತ್ತೆ ಸ್ಟ್ಯಾಂಡರ್ಡಿಗೆ ಬರುವುದು. 0.30ರಷ್ಟು ಸವೆದ ಬೋರಿಗೆ ಒಮ್ಮೆಲೇ 1.00 ಹೊಡೆಸುವುದು ದುಂದು, ಬ್ಲಾಕಿನ ಒಂದು ಆಯುಷ್ಯವನ್ನೇ ತಿಂದಂತೆ.

697ರಲ್ಲಿ ಡ್ರೈ ಲೈನರ್ (ನೀರಿಗೆ ನೇರ ತಾಗದ ಲೈನರ್) ಕೂರಿಸುವುದು ರೂಢಿ. ಹೊಸ ಲೈನರ್ ಜೊತೆ ಸ್ಟ್ಯಾಂಡರ್ಡ್ ಪಿಸ್ಟನ್ ಹಾಕುವುದು ಹಳೆ ಲೈನರನ್ನೇ ಓವರ್‌ಸೈಜ್ ಹೊಡೆಸುವುದಕ್ಕಿಂತ ಸ್ವಲ್ಪ ಖರ್ಚಿನದು, ಆದರೆ ನಾಳೆ ಒಂದು ಪಿಸ್ಟನ್ ಬದಲಿಸಬೇಕಾದರೆ ಸ್ಟ್ಯಾಂಡರ್ಡ್ ಸೈಜ್ ಯಾವ ಊರಲ್ಲೂ ಸಿಗುತ್ತದೆ. ಲೈನರ್ ಕಿತ್ತಾಗ ಬ್ಲಾಕಿನ ಗೋಡೆಯನ್ನು ಕೈಯಾಡಿಸಿ ನೋಡಿ. ತುಕ್ಕಿನ ಗುಳಿ ಅಥವಾ ಕರಿ ಮಚ್ಚೆ ಇದ್ದಲ್ಲಿ ಲೈನರ್ ಬ್ಲಾಕಿಗೆ ಅಂಟಿಕೊಂಡಿರಲಿಲ್ಲ. ಡ್ರೈ ಲೈನರಿನ ಶಾಖ ಬ್ಲಾಕಿನ ಮೂಲಕವೇ ನೀರಿಗೆ ಹೋಗಬೇಕು. ನಡುವೆ ಗಾಳಿಯ ಪದರ ಉಳಿದರೆ ಅಲ್ಲೇ ಪಿಸ್ಟನ್ ಬೋರಿಗೆ ಕಚ್ಚಿ ಹಿಡಿಯುತ್ತದೆ. ಸಡಿಲ ಲೈನರಿಗೆ ಕೆಳಗೆ ಪಂಚ್ ಹೊಡೆದು ಬಿಗಿ ಮಾಡುವ ಜಾಣತನ ಇನ್ನೂ ಕೆಲವು ಕಡೆ ನಡೆಯುತ್ತಿದೆ. ಒಪ್ಪಬೇಡಿ, ಹೊರವ್ಯಾಸ ದಪ್ಪ ಇರುವ ಲೈನರ್ ಕೇಳಿ.

ಹಳೆ ಲೈನರಿಗೆ ಕ್ರೋಮ್ ಲೇಪನ ಇದ್ದರೆ ಕ್ರೋಮ್ ರಿಂಗ್ ಹಾಕುವಂತಿಲ್ಲ. ಕ್ರೋಮ್ ಮೇಲೆ ಕ್ರೋಮ್ ಉಜ್ಜಿದರೆ ಎರಡೂ ಹಾಳು.

ಡಬ್ಬಿಗಳ ಹೋಲಿಕೆ

ಗಾಡಿ ಕಂಪನಿಯ ಡಬ್ಬಿಯಲ್ಲಿರುವ ಪಿಸ್ಟನ್ನನ್ನು ಬಹುಪಾಲು ಪಿಸ್ಟನ್ ತಯಾರಕರೇ ಮಾಡಿಕೊಡುತ್ತಾರೆ. ಚೆನ್ನೈನ ಇಂಡಿಯಾ ಪಿಸ್ಟನ್ಸ್, ಮೇಸ್ತ್ರಿಗಳ ಬಾಯಲ್ಲಿ ಈಗಲೂ "ಉಷಾ" ಆಗಿರುವ ಘಾಜಿಯಾಬಾದಿನ ಶ್ರೀರಾಮ್ ಪಿಸ್ಟನ್ಸ್, ಬೆಂಗಳೂರಿನ ಯಲಹಂಕದಲ್ಲೂ ಕಾರ್ಖಾನೆ ಇರುವ ಗೋಯೆಟ್ಜೆ, ಇವರೆಲ್ಲ ಕಂಪನಿಗಳಿಗೂ ಕೊಡುತ್ತಾರೆ, ಸ್ವಂತ ಡಬ್ಬಿಯಲ್ಲೂ ಮಾರುತ್ತಾರೆ. ಕಡಿಮೆ ಖರ್ಚಿನಲ್ಲಿ ಇಂಜಿನ್ ಕಟ್ಟುವುದಕ್ಕೆ ನಮ್ಮ ಆಯ್ಕೆ ಈ ಎರಡನೇ ಡಬ್ಬಿ. ಪಿಸ್ಟನ್, ರಿಂಗ್, ಗಜನ್ ಪಿನ್, ಸರ್ಕ್ಲಿಪ್ ಎಲ್ಲ ಒಂದೇ ತಯಾರಕರ ಸೆಟ್ ಆಗಿರಲಿ. ಪಿಸ್ಟನ್ ಒಬ್ಬರದು, ರಿಂಗ್ ಇನ್ನೊಬ್ಬರದು ಸೇರಿಸಿದರೆ ಗ್ರೂವಿಗೂ ರಿಂಗಿಗೂ ಹೊಂದಿಕೆ ತಪ್ಪುವ ಸಾಧ್ಯತೆ ಹೆಚ್ಚು. ಉಳಿಯುವ ದುಡ್ಡೂ ಅಷ್ಟಕ್ಕಷ್ಟೇ.

ಹೆಸರಿಲ್ಲದ ಡಬ್ಬಿಯ ಪಿಸ್ಟನ್ ನೋಡಲು ಹೊಳೆಯುತ್ತದೆ. ಕೊರತೆ ಇರುವುದು ಕಣ್ಣಿಗೆ ಬೀಳದ ಜಾಗದಲ್ಲಿ: ಮೊದಲ ರಿಂಗಿನ ಗ್ರೂವ್. ಒಳ್ಳೆಯ ಡೀಸೆಲ್ ಪಿಸ್ಟನ್ನಿನಲ್ಲಿ ಆ ಗ್ರೂವ್ ಅಲ್ಯುಮಿನಿಯಂನಲ್ಲಿ ಕೊರೆದದ್ದಲ್ಲ. ನಿಕ್ಕಲ್ ಬೆರೆತ ಎರಕದ ಕಬ್ಬಿಣದ ಬಳೆಯೊಂದನ್ನು ಎರಕ ಹೊಯ್ಯುವಾಗಲೇ ಒಳಗೆ ಬೆಸೆದು, ಆ ಬಳೆಯಲ್ಲಿ ಗ್ರೂವ್ ಕೊರೆದಿರುತ್ತಾರೆ. ಅದೇ ರಿಂಗ್ ಕ್ಯಾರಿಯರ್. ಅದಿರಿನ ಗಾಡಿಗೆ, ಬೂದಿ ಗಾಡಿಗೆ ಇದಿಲ್ಲದ ಪಿಸ್ಟನ್ ಬಿಟ್ಟಿ ಕೊಟ್ಟರೂ ಬೇಡ. ಗುರುತಿಸುವುದು ಹೀಗೆ: ಪಿಸ್ಟನ್ನನ್ನು ಬೆಳಕಿಗೆ ಹಿಡಿದು ಮೊದಲ ಗ್ರೂವಿನ ಮೇಲೂ ಕೆಳಗೂ ನೋಡಿ. ಬೆಳ್ಳಿ ಬಣ್ಣದ ಅಲ್ಯುಮಿನಿಯಂ ನಡುವೆ ಸುತ್ತಲೂ ಒಂದೇ ಅಗಲದ ಬೂದು ಪಟ್ಟಿ ಕಾಣಬೇಕು. ಪಟ್ಟಿಯ ಗಡಿ ಎಲ್ಲೂ ಬಿರುಕು ಬಿಟ್ಟಿರಬಾರದು. ಉಗುರು ಎಳೆದರೆ ತಡೆಯಬಾರದು. ಕೆಲವರು ಅಯಸ್ಕಾಂತ ಹಿಡಿದು "ಅಂಟಲಿಲ್ಲ, ಕಬ್ಬಿಣ ಇಲ್ಲ" ಎನ್ನುತ್ತಾರೆ. ಈ ನಿಕ್ಕಲ್ ಕಬ್ಬಿಣಕ್ಕೆ ಅಯಸ್ಕಾಂತ ಸರಿಯಾಗಿ ಹಿಡಿಯುವುದೇ ಇಲ್ಲ. ಕಣ್ಣನ್ನೇ ನಂಬಿ.

ಫೋರ್ಜ್ಡ್ (ಎರಕ ಹೊಯ್ಯದೆ ಒತ್ತಿ ರೂಪಿಸಿದ) ಪಿಸ್ಟನ್ ಬಗ್ಗೆ ಈಗ ಮೊಬೈಲಿನಲ್ಲಿ ವಿಡಿಯೋ ನೋಡಿ ಕೇಳುವವರು ಹೆಚ್ಚು. ರೇಸ್ ಇಂಜಿನ್‌ಗಳಿಗೆ ಅದು ಸರಿ. ಅಲ್ಲಿ ಬಳಸುವ 2618 ಅಲಾಯ್‌ನಲ್ಲಿ ಸಿಲಿಕಾನ್ ತೀರಾ ಕಡಿಮೆ, ಹಾಗಾಗಿ ಬಿಸಿಗೆ ಹೆಚ್ಚು ಹಿಗ್ಗುತ್ತದೆ, ಸಂದು ಹೆಚ್ಚು ಬಿಡಬೇಕು. ತಣ್ಣಗಿದ್ದಾಗ ಪಿಸ್ಟನ್ ಬಡಿಯುತ್ತದೆ, ಗ್ರೂವ್ ಬೇಗ ಸವೆಯುತ್ತದೆ. ಮಾಮೂಲಿ ಎರಕದ ಪಿಸ್ಟನ್ನಿನಲ್ಲಿ ಸಿಲಿಕಾನ್ ಶೇ. 11ರಿಂದ 13ರಷ್ಟಿರುತ್ತದೆ, ಹಿಗ್ಗುವುದೂ ಕಡಿಮೆ, ಸವೆತಕ್ಕೂ ತಾಳುತ್ತದೆ. ದಿನಾ ಲೋಡ್ ಹೊರುವ ಲಾರಿಗೆ ಎರಕದ್ದೇ ವಾಸಿ.

ಸ್ಕರ್ಟಿನ ಮೇಲೆ ಕಪ್ಪು ಗ್ರಾಫೈಟ್ ಲೇಪನ ಇದ್ದರೆ ಒಳ್ಳೆಯದು, ಮೊದಲ ದಿನಗಳ ಉಜ್ಜಾಟ ತಡೆಯುತ್ತದೆ. ಇಲ್ಲದಿದ್ದರೂ ನಷ್ಟವಿಲ್ಲ. ಗುಜರಿಯಿಂದ ಆಯ್ದ ಹಳೆ ಪಿಸ್ಟನ್ ಬಗ್ಗೆ ಬರೆಯುವುದೇನೂ ಇಲ್ಲ, ತರಬೇಡಿ.

ಟರ್ಬೊ ಪಿಸ್ಟನ್, ಟರ್ಬೊ ಇಲ್ಲದ ಪಿಸ್ಟನ್

ಹೆಚ್ಚು ಮೋಸ ಹೋಗುವುದು ಇಲ್ಲಿ. 697ರಲ್ಲೇ ಟರ್ಬೊ ಇದ್ದದ್ದೂ ಇಲ್ಲದ್ದೂ ಇದೆ, ಬೋರ್ ಎರಡಕ್ಕೂ 97. ಪಿಸ್ಟನ್ ಒಳಗೆ ಇಳಿಯುತ್ತದೆ, ಇಂಜಿನ್ ಸ್ಟಾರ್ಟೂ ಆಗುತ್ತದೆ, ಆಮೇಲೆ ತಕರಾರು. ನೋಡಬೇಕಾದ್ದು ನಾಲ್ಕು: ಗಜನ್ ಪಿನ್ನಿನ ವ್ಯಾಸ, ಪಿನ್ನಿನ ನಡುವಿನಿಂದ ತಲೆವರೆಗಿನ ಎತ್ತರ, ತಲೆಯ ಬಟ್ಟಲಿನ ಅಗಲ-ಆಳ, ವಾಲ್ವ್ ಗುಳಿ. ಹಳೆ ಪಿಸ್ಟನ್ ಪಕ್ಕದಲ್ಲಿಟ್ಟು ವರ್ನಿಯರ್ ಹಿಡಿಯಿರಿ, ಬರೀ ಪಾರ್ಟ್ ನಂಬರ್ ಓದಿ ಬರಬೇಡಿ. ಹಿಂದಿನ ಮೇಸ್ತ್ರಿಯೇ ತಪ್ಪು ಪಿಸ್ಟನ್ ಹಾಕಿರಬಹುದು, ಆದ್ದರಿಂದ ಇಂಜಿನ್ ನಂಬರಿನಿಂದ ಕೆಟಲಾಗ್ ತಾಳೆಯೂ ಬೇಕು.

ಎತ್ತರ ಅರ್ಧ ಮಿಲಿಮೀಟರ್ ಕಡಿಮೆ ಇದ್ದರೆ ಏನಾಗುತ್ತದೆ? 697ರ ಒಂದು ಸಿಲಿಂಡರ್ 946 ಸಿಸಿ. ಕಂಪ್ರೆಷನ್ 17:1 ಎಂದಿಟ್ಟುಕೊಂಡರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ 59 ಸಿಸಿ. ಅರ್ಧ ಮಿಲಿಮೀಟರ್ ಇಳಿದರೆ 3.7 ಸಿಸಿ ಹೆಚ್ಚಾಗಿ ಕಂಪ್ರೆಷನ್ 16:1ಕ್ಕೆ ಬೀಳುತ್ತದೆ. ಡಿಸೆಂಬರಿನ ಬೆಳಿಗ್ಗೆ ಬಿಳಿ ಹೊಗೆ ಬಿಟ್ಟುಕೊಂಡು ತಳ್ಳಿಸಿಕೊಳ್ಳುವ ಗಾಡಿ ಇದೇ. ಎತ್ತರ ಹೆಚ್ಚಾದರೆ ಇನ್ನೂ ಕೆಟ್ಟದ್ದು, ಪಿಸ್ಟನ್ ವಾಲ್ವಿಗೆ ಬಡಿಯಬಹುದು. ಬಟ್ಟಲಿನ ಆಕಾರ ತಪ್ಪಿದರೆ ನಾಝಲ್ಲಿನ ಡೀಸೆಲ್ ಗೋಡೆಗೆ ಹೊಡೆದು ಕಪ್ಪು ಹೊಗೆ. ಟರ್ಬೊ ಗಾಡಿಗೆ ಟರ್ಬೊ ಇಲ್ಲದ ಪಿಸ್ಟನ್ ಹಾಕಿದರೆ ಬಟ್ಟಲಿನ ತುಟಿಯಲ್ಲಿ ಸೀಳು ಬಿಡುವ ಅಪಾಯವಿದೆ.

ಕೌಂಟರಿನಲ್ಲೇ ಮಾಡುವ ಪರೀಕ್ಷೆ

ಆರನ್ನೂ ಡಬ್ಬಿಯಿಂದ ತೆಗೆಸಿ. ಕಿರಾಣಿ ಅಂಗಡಿಯ ಡಿಜಿಟಲ್ ತಕ್ಕಡಿ ಸಾಕು: ಅತಿ ಭಾರದ್ದಕ್ಕೂ ಅತಿ ಹಗುರದ್ದಕ್ಕೂ 10 ಗ್ರಾಂಗಿಂತ ಹೆಚ್ಚು ಅಂತರ ಇದ್ದರೆ ಸೆಟ್ ವಾಪಸ್. ಗಜನ್ ಪಿನ್ನಿಗೆ ಒಂದು ಹನಿ ಆಯಿಲ್ ಹಚ್ಚಿ ಹೆಬ್ಬೆರಳಿನಿಂದ ಒತ್ತಿದರೆ ಬಿಗಿಯಾಗಿ ಜಾರಬೇಕು, ತಾನಾಗಿ ಬೀಳಬಾರದು. ಪಿಸ್ಟನ್ ಒಳಹೊಟ್ಟೆಯಲ್ಲಿ ತಯಾರಕರ ಗುರುತು ಎರಕದಲ್ಲೇ ಇರುತ್ತದೆ, ಸ್ಟಿಕ್ಕರ್ ಆಗಿರುವುದಿಲ್ಲ. ಜಿಎಸ್‌ಟಿ ಬಿಲ್ ಪಡೆಯಿರಿ, ಬಿಲ್ಲಿಲ್ಲದೆ ವಾರಂಟಿ ಕೇಳಲು ಬಾಯಿಲ್ಲ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳಿಗೆ ತೆರಿಗೆ ಶೇ. 18. ಹಳೆಯ ಶೇ. 28ರ ಲೆಕ್ಕದಲ್ಲಿ ಕೊಟೇಶನ್ ಬಂದರೆ ತಿದ್ದಿಸಿ.

ಬೋರಿಂಗ್: ಪಿಸ್ಟನ್ ಮೊದಲು, ಬೋರ್ ಆಮೇಲೆ

"0.50 ಹೊಡೀರಿ" ಎಂದು ಬ್ಲಾಕ್ ಮಾತ್ರ ಬೋರಿಂಗ್ ಶಾಪಿಗೆ ಕಳಿಸಬೇಡಿ. ಪಿಸ್ಟನ್ ಸೆಟ್ ಜೊತೆಗೇ ಹೋಗಬೇಕು. ಪಿಸ್ಟನ್ನನ್ನು ಗಜನ್ ಪಿನ್ನಿಗೆ ಅಡ್ಡ ದಿಕ್ಕಿನಲ್ಲಿ, ತಯಾರಕರು ಹೇಳಿದ ಎತ್ತರದಲ್ಲಿ ಅಳೆಯಬೇಕು. ಸ್ಕರ್ಟ್ ಪೂರ್ತಿ ದುಂಡಗಿರುವುದಿಲ್ಲ, ಬೇರೆ ಎಲ್ಲಿ ಅಳೆದರೂ ಚಿಕ್ಕದೇ ಬರುತ್ತದೆ. ಉದಾಹರಣೆಗೆ ಪಿಸ್ಟನ್ 97.38 ಬಂತು, ಡಬ್ಬಿಯ ಮೇಲೆ ಕ್ಲಿಯರೆನ್ಸ್ (ಪಿಸ್ಟನ್ನಿಗೂ ಬೋರಿಗೂ ನಡುವಿನ ಸಂದು) 0.12 ಎಂದಿದೆ ಅಂದರೆ ಆ ಬೋರ್ ಮುಗಿಯಬೇಕಾದ್ದು 97.50ಕ್ಕೆ. ಆರಕ್ಕೂ ಹೀಗೇ ಲೆಕ್ಕ ಹಾಕಿ ಪಿಸ್ಟನ್ ತಲೆ ಮೇಲೆ ಪೇಂಟ್ ಪೆನ್ನಿನಿಂದ ಸಿಲಿಂಡರ್ ನಂಬರ್ ಬರೆಸಿ. ಬೋರಿಂಗ್ ಬಾರ್ 0.05–0.08 ಮಿ.ಮೀ ಬಿಟ್ಟು ನಿಲ್ಲಬೇಕು, ಉಳಿದದ್ದು ಹೋನಿಂಗ್‌ನಲ್ಲಿ.

ಬಳ್ಳಾರಿ, ರಾಯಚೂರಿನ ಬೇಸಿಗೆಯಲ್ಲಿ ಈ ಅಳತೆಗೆ ಒಂದು ಹೆಚ್ಚಿನ ತೊಡಕಿದೆ. 97 ಮಿ.ಮೀ ಅಲ್ಯುಮಿನಿಯಂ ಪಿಸ್ಟನ್ 25 ಡಿಗ್ರಿ ಬಿಸಿಯಾದರೆ ಸುಮಾರು 0.05 ಮಿ.ಮೀ ಹಿಗ್ಗುತ್ತದೆ. ಮೇ ತಿಂಗಳಲ್ಲಿ ಆಟೋದ ಹಿಂದೆ ಬಿಸಿಲಲ್ಲಿ ಬಂದ ಪಿಸ್ಟನ್ನನ್ನು ಹಾಗೇ ಅಳೆದು, ನೆರಳಲ್ಲಿದ್ದ ಬ್ಲಾಕ್ ಹೊಡೆದರೆ 0.12 ಇರಬೇಕಾದ ಸಂದು 0.17 ಆಗಿರುತ್ತದೆ. ಹೊಸ ಇಂಜಿನ್ ಬೆಳಿಗ್ಗೆ ಬೆಳಿಗ್ಗೆ ಟಕಟಕ ಅನ್ನುವುದು ಅದಕ್ಕೇ. ಪಿಸ್ಟನ್, ಬ್ಲಾಕ್, ಮೈಕ್ರೋಮೀಟರ್ ಮೂರೂ ರಾತ್ರಿಯಿಡೀ ಒಂದೇ ಕೋಣೆಯಲ್ಲಿರಲಿ, ಬೆಳಿಗ್ಗೆ ಅಳೆಯಿರಿ.

ಹೋನಿಂಗ್ ಗೆರೆಗಳು ಒಂದನ್ನೊಂದು 45ರಿಂದ 60 ಡಿಗ್ರಿಯಲ್ಲಿ ಕತ್ತರಿಸಬೇಕು. ಆಮೇಲೆ ಬೋರನ್ನು ಡೀಸೆಲ್ಲಿನಲ್ಲಿ ಒರೆಸಿದರೆ ಸಾಣೆಯ ಪುಡಿ ಗೆರೆಗಳೊಳಗೇ ಉಳಿಯುತ್ತದೆ. ಬಿಸಿನೀರು, ಬಟ್ಟೆ ಸೋಪು, ಬ್ರಶ್ ಹಾಕಿ ತಿಕ್ಕಿ, ಒಣಗಿಸಿ, ಬಿಳಿ ಬಟ್ಟೆಗೆ ಆಯಿಲ್ ಹಚ್ಚಿ ಒರೆಸಿ. ಬಟ್ಟೆ ಬೂದು ಬಣ್ಣಕ್ಕೆ ತಿರುಗಿದರೆ ಮತ್ತೆ ತೊಳೆಯಿರಿ.

ಕಟ್ಟುವಾಗ

ಪ್ರತಿ ರಿಂಗನ್ನೂ ಅದರದೇ ಬೋರಿನಲ್ಲಿ ಹಾಕಿ ಸಂದು ನೋಡಿ. 6ಬಿಟಿಯ ಮೊದಲ ರಿಂಗಿಗೆ 0.40–0.70 ಮಿ.ಮೀ, ಉಳಿದೆರಡಕ್ಕೆ 0.25–0.55. ಕಡಿಮೆ ಬಂದರೆ ತುದಿಯನ್ನು ನಯವಾದ ಅರದಿಂದ ಉಜ್ಜಬಹುದು. ಹೆಚ್ಚು ಬಂದರೆ ಸೈಜ್ ತಪ್ಪಿದೆ. "ಟಾಪ್" ಎಂದಿರುವ ಮೈ ಮೇಲಕ್ಕೆ. ಮೂರೂ ರಿಂಗಿನ ಬಾಯಿಗಳು ಒಂದಕ್ಕೊಂದು 120 ಡಿಗ್ರಿ ದೂರದಲ್ಲಿ, ಯಾವುದೂ ಗಜನ್ ಪಿನ್ನಿನ ನೇರಕ್ಕೆ ಬೇಡ. ಪಿನ್ ಹೋಗದಿದ್ದರೆ ಪಿಸ್ಟನ್ನನ್ನು 70–80 ಡಿಗ್ರಿ ಬಿಸಿನೀರಿನಲ್ಲಿ ಇಟ್ಟು ಕೈಯಲ್ಲೇ ತಳ್ಳಿ. ಸುತ್ತಿಗೆ ಮುಟ್ಟಿಸಿದರೆ ಸ್ಕರ್ಟ್ ಸೊಟ್ಟ. ಪಿಸ್ಟನ್ ಕೆಳಗಿನ ಆಯಿಲ್ ಜೆಟ್ ಇರುವ ಇಂಜಿನ್ ಆದರೆ ಪ್ರತಿಯೊಂದಕ್ಕೂ ಗಾಳಿ ಊದಿ ನೋಡಿ. ಒಂದು ಕಟ್ಟಿಕೊಂಡಿದ್ದರೂ ಆ ಪಿಸ್ಟನ್ ಮಾತ್ರ ಹಿಡಿಯುತ್ತದೆ, ಬೈಗುಳ ಪಿಸ್ಟನ್ ಕಂಪನಿಗೆ ಬೀಳುತ್ತದೆ.

ಉಳಿದ ದುಡ್ಡು ಏರ್ ಫಿಲ್ಟರಿನ ಕಡೆಗೆ ಹೋಗಲಿ. ಹೊಸ ಎಲಿಮೆಂಟು, ಫಿಲ್ಟರಿನಿಂದ ಇಂಜಿನ್‌ವರೆಗಿನ ಹೊಸ ರಬ್ಬರ್ ಹೋಸು, ಹೊಸ ಕ್ಲಾಂಪುಗಳು. ಹಳೆ ಹೋಸಿನ ಒಳಗೆ ಬೆರಳಾಡಿಸಿದಾಗ ಕೆಂಪು ಪುಡಿ ಹತ್ತಿದರೆ ಇಂಜಿನ್ ಕೊಂದದ್ದು ಯಾವುದೆಂದು ಅಲ್ಲೇ ಗೊತ್ತಾಗುತ್ತದೆ. ಎಲಿಮೆಂಟನ್ನು ಟೈರಿಗೆ ಬಡಿದು ಧೂಳು ಕೊಡವುವ ರೂಢಿ ಬಿಡಬೇಕು. ಕಾಗದ ಒಳಗೆ ಹರಿದದ್ದು ಹೊರಗೆ ಕಾಣುವುದಿಲ್ಲ.

ಮೊದಲ 500 ಕಿಲೋಮೀಟರ್ ಅರ್ಧ ಲೋಡ್, ಕೊಪ್ಪಳ–ಗಂಗಾವತಿಯಂಥ ರಸ್ತೆ, ಸಂಡೂರಿನ ಏರು ಬೇಡ. ಅದಾದ ಮೇಲೆ ಆಯಿಲ್ ಮತ್ತು ಆಯಿಲ್ ಫಿಲ್ಟರ್ ಬದಲಿಸಿ. ಹೊಸ ರಿಂಗ್ ಬೋರಿಗೆ ಕೂರಲು ಸ್ವಲ್ಪ ಲೋಡ್ ಬೇಕೇ ಬೇಕು. ತಾಸುಗಟ್ಟಲೆ ನಿಂತಲ್ಲೇ ಸ್ಲೋ ಓಡಲು ಬಿಟ್ಟರೆ ಬೋರ್ ಗಾಜಿನಂತೆ ನುಣುಪಾಗಿ ಆಯಿಲ್ ಕುಡಿಯುವುದು ನಿಲ್ಲುವುದೇ ಇಲ್ಲ. ಲೋಡಿಂಗ್ ಯಾರ್ಡಿನಲ್ಲಿ, ವೇಬ್ರಿಡ್ಜ್ ಮುಂದೆ ಸಾಲು ಕದಲುತ್ತಿಲ್ಲ ಅಂದರೆ ಟರ್ಬೊ ಗಾಡಿಯಾದರೆ ಎರಡು ನಿಮಿಷ ಬಿಟ್ಟು, ಇಲ್ಲದಿದ್ದರೆ ಆಗಲೇ, ಸ್ಟಾಪ್ ಕೇಬಲ್ ಎಳೆಯಲು ಡ್ರೈವರಿಗೆ ಹೇಳಿಡಿ.